ತಂತಿ ಮೇಲೆ ಕೂತ ಅಂಬರಗುಬ್ಬಿ: ಬಂದುಹೋಗುವ ಅತಿಥಿಯೋ, ಗೂಡು ಕಟ್ಟಿದ ಮನೆಯವನೋ?

ವಲಸೆಯ ಕಾಲ ಬಂತೆಂದರೆ ವಿದ್ಯುತ್ ತಂತಿಗಳ ಮೇಲೆ ಕಪ್ಪು-ನೀಲಿ ಬಣ್ಣದ ಪುಟ್ಟ ಹಕ್ಕಿಗಳು ಸಾಲಾಗಿ ಬಂದು ಕೂರುತ್ತವೆ. ಯಾರೋ ಫೋಟೋ ತೆಗೆಯುತ್ತಾರೆ. ಇನ್ಯಾರೋ ಅದೇ ವಾರ ಸೇತುವೆಯ ಕೆಳಗೆ ಮಣ್ಣಿನ ಗೂಡೊಂದನ್ನು ನೋಡಿರುತ್ತಾರೆ. ಎರಡೂ ಸೇರಿ "ವಲಸೆ ಹಕ್ಕಿಗಳು ಈ ಸಲ ಇಲ್ಲೇ ಮರಿ ಮಾಡ್ತಿವೆಯಂತೆ" ಅನ್ನುವ ಸುದ್ದಿ ಹಬ್ಬುತ್ತದೆ. ಕೆಲವು ಸಲ ಅದು ನಿಜವೇ. ಆದರೆ ಬಹಳ ಸಲ ತಂತಿ ಮೇಲೆ ಕೂತದ್ದು ಒಂದು ಜಾತಿ, ಗೂಡು ಕಟ್ಟಿದ್ದು ಇನ್ನೊಂದು ಜಾತಿ.

ಕಣ್ಣಿಗೆ ಬಿದ್ದ ಹಕ್ಕಿ ಸುಮ್ನೆ ಹಾದುಹೋಗುತ್ತಿದೆಯೋ, ಚಳಿಗಾಲ ಕಳೆಯಲು ಬಂದಿದೆಯೋ, ಅಥವಾ ಸಂಸಾರ ಹೂಡಿದೆಯೋ? ಇದನ್ನು ಹೇಳಲು ತಜ್ಞರೇ ಆಗಬೇಕಿಲ್ಲ. ಆ ಹಕ್ಕಿಯ ವರ್ಷ ಹೇಗೆ ಸಾಗುತ್ತದೆ ಅನ್ನೋದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

## ಮೊದಲು, ಇವು ಯಾವ ಹಕ್ಕಿಗಳು?

ಇಂಗ್ಲಿಷಿನಲ್ಲಿ ಸ್ವಾಲೋ, ಮಾರ್ಟಿನ್ ಅಂತ ಕರೆಯುವ ಹಕ್ಕಿಗಳೆಲ್ಲ ಒಂದೇ ಕುಟುಂಬದವು. ಈ ಕುಟುಂಬದಲ್ಲಿ ಸುಮಾರು 90 ಜಾತಿಗಳಿವೆ. ಕನ್ನಡದಲ್ಲಿ ಸ್ವಾಲೋಗಳನ್ನು ಅಂಬರಗುಬ್ಬಿ ಅನ್ನುತ್ತೇವೆ. ಎಲ್ಲವೂ ಹಾರುತ್ತಲೇ ಬಾಯಿ ತೆರೆದು ಕೀಟ ಹಿಡಿಯುತ್ತವೆ. ಸಾಮಾನ್ಯವಾಗಿ ಬಾಲ ಉದ್ದವಾಗಿ ಕವಲೊಡೆದಿದ್ದರೆ ಸ್ವಾಲೋ, ಮೊಟಕಾಗಿದ್ದರೆ ಮಾರ್ಟಿನ್ ಅನ್ನುತ್ತಾರೆ. ಇದು ರೂಢಿಯ ಮಾತು ಅಷ್ಟೇ, ವಿಜ್ಞಾನದ ಗೆರೆ ಅಲ್ಲ. ಯುರೋಪಿನಲ್ಲಿ ಸ್ಯಾಂಡ್ ಮಾರ್ಟಿನ್ ಅನ್ನಿಸಿಕೊಳ್ಳುವ ಹಕ್ಕಿಯೇ ಅಮೆರಿಕದಲ್ಲಿ ಬ್ಯಾಂಕ್ ಸ್ವಾಲೋ.

ಇವುಗಳಲ್ಲಿ ಅತಿ ಹೆಚ್ಚು ಜಾಗಗಳಲ್ಲಿ ಕಾಣುವುದು ಬಾರ್ನ್ ಸ್ವಾಲೋ. ಬೆನ್ನು ಮಿರುಗುವ ಕಡುನೀಲಿ. ಹಣೆ ಮತ್ತು ಕತ್ತು ಇಟ್ಟಿಗೆ ಕೆಂಪು. ಅದರ ಕೆಳಗೆ ಎದೆಗೆ ಅಡ್ಡಲಾಗಿ ನೀಲಿ ಪಟ್ಟಿ. ಬಾಲದ ಎರಡು ತುದಿಗಳಲ್ಲಿ ತಂತಿಯಂಥ ಉದ್ದ ಗರಿಗಳು. ತೂಕ ಸುಮಾರು 20 ಗ್ರಾಂ ಮಾತ್ರ. ಇಷ್ಟು ಹಗುರದ ಹಕ್ಕಿ ವರ್ಷಕ್ಕೆರಡು ಸಲ ಖಂಡ ದಾಟುತ್ತದೆ.

ಗೊಂದಲ ಮಾಡುವ ಇನ್ನೊಂದು ಹಕ್ಕಿ ಇದೆ: ಸ್ವಿಫ್ಟ್, ನಮ್ಮ ಬಾನಾಡಿ. ಅದೂ ಆಕಾಶದಲ್ಲೇ ಕೀಟ ಹಿಡಿಯುತ್ತದೆ, ಅದೂ ಕಟ್ಟಡಗಳಲ್ಲಿ ಗೂಡು ಮಾಡುತ್ತದೆ. ಆದರೆ ನಂಟು ನೋಡಿದರೆ ಅದು ಅಂಬರಗುಬ್ಬಿಗಿಂತ ಹಮ್ಮಿಂಗ್‌ಬರ್ಡ್‌ಗೆ ಹತ್ತಿರ. ಬೇರೆ ಮಾಡಿ ನೋಡಲು ಸುಲಭದ ದಾರಿ ಇದು: ಬಾನಾಡಿಯ ಕಾಲು ಗೋಡೆಗೆ ನೇತುಬೀಳಲು ಆದದ್ದು, ಅದು ತಂತಿ ಮೇಲೆ ಕೂರುವುದಿಲ್ಲ. ತಂತಿ ಮೇಲೆ ಕೂತಿದ್ದರೆ ಅದು ಬಾನಾಡಿ ಅಲ್ಲ.

## ಒಂದು ವರ್ಷ, ಎರಡು ನೆಲ

ಉತ್ತರ ಗೋಳದ ಬೇಸಿಗೆಯಲ್ಲಿ ಹಗಲು ಬಹಳ ಉದ್ದ, ಕೀಟಗಳೂ ಜಾಸ್ತಿ. ಮರಿಗಳ ಬಾಯಿಗೆ ದಿನಕ್ಕೆ ನೂರಾರು ಸಲ ಊಟ ತರಬೇಕಾದ ಹಕ್ಕಿಗೆ ಬೇಕಾದದ್ದು ಇವೆರಡೇ. ಹಾಗಾಗಿ ಬಾರ್ನ್ ಸ್ವಾಲೋ ಯುರೋಪ್, ಏಷ್ಯಾದ ಉತ್ತರ ಭಾಗ ಮತ್ತು ಉತ್ತರ ಅಮೆರಿಕದಲ್ಲಿ ಮರಿ ಮಾಡುತ್ತದೆ. ಚಳಿ ಶುರುವಾದರೆ ಅಲ್ಲಿ ಹಾರುವ ಕೀಟವೇ ಇರುವುದಿಲ್ಲ. ಕಾಳು ತಿನ್ನುವ ಹಕ್ಕಿ ಹೇಗೋ ಕಾಲ ತಳ್ಳಬಹುದು, ಇದಕ್ಕೆ ಆಗದು. ಆಗ ಆಫ್ರಿಕ, ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕದ ಕಡೆ ಹೊರಡುತ್ತದೆ.

ಹಕ್ಕಿಗಳು ಹೀಗೆ ಹೋಗುತ್ತವೆ ಅನ್ನೋದೇ ಜನಕ್ಕೆ ಬಹಳ ಕಾಲ ಗೊತ್ತಿರಲಿಲ್ಲ. 16ನೇ ಶತಮಾನದಲ್ಲಿ ಸ್ವೀಡನ್ನಿನ ಓಲಾಸ್ ಮ್ಯಾಗ್ನಸ್, ಅಂಬರಗುಬ್ಬಿಗಳು ಚಳಿಗಾಲದಲ್ಲಿ ಕೆರೆಯ ತಳದಲ್ಲಿ ಮಲಗುತ್ತವೆ, ಮೀನುಗಾರರ ಬಲೆಗೆ ಗುಂಪಾಗಿ ಸಿಗುತ್ತವೆ ಎಂದು ಬರೆದಿದ್ದ. ಗಟ್ಟಿ ಸಾಕ್ಷಿ ಸಿಕ್ಕಿದ್ದು ಕಾಲುಂಗುರದಿಂದ. 1911ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಒಂದು ಬಾರ್ನ್ ಸ್ವಾಲೋ ಕಾಲಿಗೆ ನಂಬರಿನ ಉಂಗುರ ತೊಡಿಸಿದ್ದರು. 1912ರ ಡಿಸೆಂಬರ್‌ನಲ್ಲಿ ಅದೇ ಹಕ್ಕಿ ದಕ್ಷಿಣ ಆಫ್ರಿಕದ ನೇಟಾಲ್‌ನಲ್ಲಿ ಸಿಕ್ಕಿತು. ಎರಡೂ ಊರಿನ ನಡುವೆ ಸುಮಾರು 10,000 ಕಿಲೋಮೀಟರ್ ದಾರಿ.

ಇಲ್ಲಿ ಮೂರು ಪದ ಬಿಡಿಸಿಕೊಂಡರೆ ಮುಂದಿನದ್ದು ಸಲೀಸು. ಹಕ್ಕಿ ಗೂಡು ಕಟ್ಟಿ ಮರಿ ಮಾಡುವ ನೆಲ ಸಂತಾನ ನೆಲೆ. ಚಳಿಗಾಲ ಕಳೆಯುವ ನೆಲ ಚಳಿಗಾಲದ ನೆಲೆ. ನಡುವೆ ಕೆಲವು ದಿನ ಇಳಿದು ಮೈತುಂಬ ತಿಂದು ಮುಂದೆ ಹೊರಡುವ ಜಾಗ ತಂಗುದಾಣ. ಒಂದೇ ಜಾತಿಗೆ ಒಂದೇ ದೇಶದಲ್ಲಿ ಇವು ಮೂರೂ ಇರಬಹುದು. ಭಾರತವನ್ನೇ ನೋಡಿ: ಬಾರ್ನ್ ಸ್ವಾಲೋ ಹಿಮಾಲಯದಲ್ಲಿ ಮರಿ ಮಾಡುತ್ತದೆ, ದಕ್ಷಿಣದ ಬಯಲಿಗೆ ಬರೀ ಚಳಿಗಾಲದ ಅತಿಥಿ.

ರೆಡ್-ರಂಪ್ಡ್ ಸ್ವಾಲೋದ್ದು ಇನ್ನೂ ಸಿಕ್ಕು. ಸೊಂಟದ ಹಿಂದೆ ಕೆಂಪು ತೇಪೆ ಇರುವ ಈ ಹಕ್ಕಿಯಲ್ಲಿ ವರ್ಷಪೂರ್ತಿ ಒಂದೇ ಕಡೆ ಇರುವ ಗುಂಪುಗಳೂ ಇವೆ, ಉತ್ತರದಿಂದ ಬರುವ ಗುಂಪುಗಳೂ ಇವೆ. ಚಳಿಗಾಲದಲ್ಲಿ ಎರಡೂ ಒಂದೇ ತಂತಿ ಮೇಲೆ ಕೂತರೆ ಯಾರು ಸ್ಥಳೀಯ, ಯಾರು ನೆಂಟ ಅಂತ ಹೇಳುವುದು ಪಳಗಿದವರಿಗೂ ಕಷ್ಟ.

## ಕಂಡ ಮಾತ್ರಕ್ಕೆ ಗೂಡಿದೆ ಅಂತಲ್ಲ

ಸಂತೆಯಲ್ಲಿ ಒಬ್ಬರು ಎದುರಾದರೆ ಅವರ ಮನೆ ಅದೇ ಊರಲ್ಲಿದೆ ಅಂತ ನಾವು ಅಂದುಕೊಳ್ಳುವುದಿಲ್ಲ ಅಲ್ವಾ? ಹಕ್ಕಿಯ ವಿಷಯದಲ್ಲೂ ಅಷ್ಟೇ. ಹಕ್ಕಿಗಳ ನಕ್ಷೆ ತಯಾರಿಸುವವರು ಅದಕ್ಕೇ ಸಾಕ್ಷಿಯನ್ನು ಮೂರು ಮೆಟ್ಟಿಲಾಗಿ ಇಟ್ಟುಕೊಂಡಿದ್ದಾರೆ: ಮರಿ ಮಾಡುತ್ತಿರಬಹುದು, ಬಹುತೇಕ ಮಾಡುತ್ತಿದೆ, ಖಚಿತವಾಗಿ ಮಾಡುತ್ತಿದೆ.

ಸಂತಾನದ ಕಾಲದಲ್ಲಿ, ಗೂಡಿಗೆ ತಕ್ಕ ಜಾಗದಲ್ಲಿ ಹಕ್ಕಿ ಕಂಡರೆ ಅದು ಮೊದಲ ಮೆಟ್ಟಿಲು. ಜೋಡಿಯೊಂದು ಅದೇ ಕಟ್ಟಡದ ಒಳಗೆ ಹೊರಗೆ ದಿನವೂ ಓಡಾಡುತ್ತಿದ್ದರೆ, ಹತ್ತಿರ ಹೋದಾಗ ಗಾಬರಿಯಿಂದ ಕೂಗುತ್ತಾ ತಲೆ ಮೇಲೆ ಸುತ್ತಿದರೆ ಎರಡನೆಯದು. ಮೊಟ್ಟೆ ಅಥವಾ ಮರಿ ಇರುವ ಗೂಡು, ಮರಿಗೆ ಗುಟುಕು ತರುವ ತಾಯಿ-ತಂದೆ, ಮರಿಯ ಹಿಕ್ಕೆಯ ಬಿಳಿ ಚೀಲವನ್ನು ಕೊಕ್ಕಿನಲ್ಲಿ ಹೊತ್ತು ಹೊರಗೆ ಎಸೆಯುವ ಹಕ್ಕಿ, ಇವು ಖಚಿತ ಸಾಕ್ಷಿ.

ಯಾವುದು ಸಾಕ್ಷಿ ಅಲ್ಲ ಅನ್ನೋದೂ ಮುಖ್ಯ. ಹಾಡು ಸಾಕ್ಷಿಯಲ್ಲ, ಬಾರ್ನ್ ಸ್ವಾಲೋ ಚಳಿಗಾಲದ ನೆಲೆಯಲ್ಲೂ ಹಾಡುತ್ತದೆ. ದೊಡ್ಡ ಗುಂಪು ಸಾಕ್ಷಿಯಲ್ಲ. ನಿಜಕ್ಕೂ ಅದು ಉಲ್ಟಾ ಸುಳಿವು. ಗೂಡಿನ ಜವಾಬ್ದಾರಿ ಇಲ್ಲದ ಹಕ್ಕಿಗಳೇ ಸಂಜೆ ಸಾವಿರಗಟ್ಟಲೆ ಸೇರಿ ಜೊಂಡಿನಲ್ಲಿ ಮಲಗುವುದು. ದಕ್ಷಿಣ ಆಫ್ರಿಕದ ಡರ್ಬನ್ ಹತ್ತಿರ ಮೌಂಟ್ ಮೋರ್‌ಲ್ಯಾಂಡ್ ಎಂಬಲ್ಲಿ ಜೊಂಡಿನ ಒಂದು ಜೌಗಿನಲ್ಲಿ ಲಕ್ಷಗಟ್ಟಲೆ ಬಾರ್ನ್ ಸ್ವಾಲೋಗಳು ಉತ್ತರದ ಚಳಿಗಾಲದ ರಾತ್ರಿಗಳನ್ನು ಕಳೆದದ್ದುಂಟು. ಅವುಗಳಲ್ಲಿ ಒಂದೂ ಅಲ್ಲಿ ಮೊಟ್ಟೆ ಇಡುವುದಿಲ್ಲ.

ಎಳೆಯ ಹಕ್ಕಿ ಕಂಡರೆ ಜನ ಮೋಸ ಹೋಗುವುದು ಜಾಸ್ತಿ. ಕತ್ತು ಮಾಸಲು, ಬಾಲ ಗಿಡ್ಡ, ನೋಡಿದರೆ ಮರಿಯೇ. ಆದರೆ ಅದು ನಾಲ್ಕಾರು ತಿಂಗಳ ಹಿಂದೆ ಸಾವಿರಾರು ಕಿಲೋಮೀಟರ್ ಆಚೆ ಹುಟ್ಟಿ, ಸ್ವಂತ ರೆಕ್ಕೆ ಬಲದ ಮೇಲೆ ಬಂದಿರಬಹುದು. ಗೂಡು ಬಿಟ್ಟ ಮೇಲೂ ಕೆಲವು ದಿನ ಅಪ್ಪ-ಅಮ್ಮ ಮರಿಗೆ ತಿನಿಸುತ್ತಾರೆ. ತಂತಿ ಮೇಲೆ ಕೂತು ರೆಕ್ಕೆ ಅದುರಿಸುತ್ತಾ ಬಾಯಿ ತೆರೆದ ಮರಿ, ಕ್ಷಣಮಾತ್ರ ಗಾಳಿಯಲ್ಲಿ ನಿಂತು ಅದರ ಬಾಯಿಗೆ ಕೀಟ ಇಟ್ಟು ಹೋಗುವ ದೊಡ್ಡ ಹಕ್ಕಿ: ಇದನ್ನು ಕಂಡರೆ ಮಾತ್ರ ಹತ್ತಿರದಲ್ಲೇ ಗೂಡಿತ್ತು ಅನ್ನಬಹುದು.

ಕ್ಯಾಲೆಂಡರ್ ಕೂಡ ಸಹಾಯಕ್ಕೆ ಬರುತ್ತದೆ. ಗೂಡು ಕಟ್ಟಲು ಒಂದೆರಡು ವಾರ. ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ. ಕಾವು ಕೂರಲು ಸುಮಾರು ಎರಡು ವಾರ. ಮರಿ ಗೂಡು ಬಿಡಲು ಮತ್ತೆ ಸುಮಾರು ಮೂರು ವಾರ. ಒಟ್ಟು ಎರಡು ತಿಂಗಳ ಹತ್ತಿರ ಆಯಿತು. ಹತ್ತು ದಿನ ಕಂಡು ಮಾಯವಾದ ಹಿಂಡು ಅಷ್ಟರಲ್ಲಿ ಸಂಸಾರ ಮುಗಿಸಿ ಹೋಗಿರಲು ಸಾಧ್ಯವಿಲ್ಲ.

## ಗೂಡೇ ಹೇಳುತ್ತದೆ ಒಡೆಯ ಯಾರೆಂದು

ಈ ಕುಟುಂಬದಲ್ಲಿ ಮಣ್ಣಿನ ಕೆಲಸ ಗೊತ್ತಿರುವ ಜಾತಿಗಳು ಬಹಳ. ಬಾರ್ನ್ ಸ್ವಾಲೋ ಗೂಡು ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಹಕ್ಕಿ ಕೊಚ್ಚೆಯ ಅಂಚಿನಲ್ಲಿ ಇಳಿಯುತ್ತದೆ. ಗರಿಗೆ ಕೆಸರು ತಾಗದಂತೆ ರೆಕ್ಕೆ ಎತ್ತಿ ಹಿಡಿದು, ಕೊಕ್ಕಿನಲ್ಲಿ ಒಂದು ತುತ್ತು ಮಣ್ಣು ತೆಗೆದು ಹಾರುತ್ತದೆ. ಆ ಉಂಡೆಯನ್ನು ಗೋಡೆಗೆ ಒತ್ತಿ, ಕೊಕ್ಕನ್ನು ನಡುಗಿಸುತ್ತಾ ಮೆತ್ತುತ್ತದೆ. ನಡುನಡುವೆ ಹುಲ್ಲಿನ ಎಳೆ ಸೇರಿಸುತ್ತದೆ. ಒಂದು ಸಾಲು ಒಣಗಿದ ಮೇಲೆ ಇನ್ನೊಂದು ಸಾಲು. ಅವಸರ ಮಾಡಿದರೆ ಹಸಿ ಮಣ್ಣಿನ ಭಾರಕ್ಕೆ ಇಡೀ ಗೂಡು ಕಳಚಿ ಬೀಳುತ್ತದೆ. ಹೀಗೆ ಸಾವಿರದ ಆಸುಪಾಸು ಉಂಡೆ ಬೇಕು. ಒಳಗೆ ಹಾಸಿಗೆಗೆ ಬೇರೆ ಹಕ್ಕಿಗಳ ಉದುರಿದ ಗರಿ.

ಕೊನೆಗೆ ಆಗುವುದು ತೆರೆದ ಅರ್ಧ ಬಟ್ಟಲು. ತೊಲೆಯ ಮೇಲೋ ಗೋಡೆಯ ಮೂಲೆಯಲ್ಲೋ, ಸೂರಿನ ಒಳಗಡೆ. ಹೌಸ್ ಮಾರ್ಟಿನ್ ಕೂಡ ಮಣ್ಣಿನಲ್ಲೇ ಕಟ್ಟುತ್ತದೆ, ಆದರೆ ಕಟ್ಟಡದ ಹೊರಗೆ, ಸೂರಿನ ಅಡಿಗೆ ಅಂಟಿಸಿ. ಮೇಲ್ಭಾಗವನ್ನೂ ಮುಚ್ಚಿ, ತಾನು ನುಸುಳುವಷ್ಟು ಕಂಡಿ ಬಿಡುತ್ತದೆ. ಹೌಸ್ ಮಾರ್ಟಿನ್‌ಗೆ ಸೊಂಟದ ಮೇಲೆ ಅಚ್ಚ ಬಿಳಿ ತೇಪೆ, ಹಾರುವಾಗ ಅದೇ ಗುರುತು. ರೆಡ್-ರಂಪ್ಡ್ ಸ್ವಾಲೋ ಗೂಡಿಗೆ ಉದ್ದನೆಯ ಕೊಳವೆ ಬಾಗಿಲು, ಮಲಗಿಸಿದ ಹೂಜಿಯಂತೆ. ಸ್ಯಾಂಡ್ ಮಾರ್ಟಿನ್ ಮಣ್ಣು ಹೊರುವುದೇ ಇಲ್ಲ. ಹೊಳೆಯ ಕಡಿದಾದ ಮರಳು ದಡದಲ್ಲಿ ಕಾಲು, ಕೊಕ್ಕಿನಿಂದ ಕೊರೆದು ಮೊಳಕ್ಕೂ ಮಿಗಿಲಾದ ಸುರಂಗ ಮಾಡುತ್ತದೆ, ಅದೂ ಒಂದರ ಪಕ್ಕ ಒಂದರಂತೆ ಹತ್ತಾರು.

ಸೇತುವೆ ಕೆಳಗಿನ ಗೂಡಿನ ವಿಷಯ ಬಂದಾಗ ಇನ್ನೆರಡು ಹೆಸರು ನೆನಪಿರಲಿ. ವೈರ್-ಟೇಲ್ಡ್ ಸ್ವಾಲೋ ಮತ್ತು ಡಸ್ಕಿ ಕ್ರ್ಯಾಗ್ ಮಾರ್ಟಿನ್. ಮೊದಲನೆಯದು ಆಫ್ರಿಕದಿಂದ ಆಗ್ನೇಯ ಏಷ್ಯಾವರೆಗೂ ಇದೆ. ತಲೆ ಕಂದುಗೆಂಪು, ಕತ್ತು-ಹೊಟ್ಟೆ ಪೂರ್ತಿ ಬಿಳಿ, ನೀರಿರುವ ಕಡೆಯೇ ವಾಸ. ಎರಡನೆಯದು ದಕ್ಷಿಣ ಮತ್ತು ಆಗ್ನೇಯ ಏಷ್ಯಾದ್ದು. ಮೈಯೆಲ್ಲ ಹೊಗೆಗಂದು, ಹಳೆಯ ಕೋಟೆಗೋಡೆ, ಬಂಡೆ, ಎತ್ತರದ ಕಟ್ಟಡ ಅದಕ್ಕೆ ಇಷ್ಟ. ಎರಡೂ ಅರ್ಧ ಬಟ್ಟಲಿನ ಗೂಡನ್ನೇ ಕಟ್ಟುತ್ತವೆ, ಎರಡೂ ಬಹುಮಟ್ಟಿಗೆ ಅಲ್ಲಲ್ಲೇ ಇರುವ ಹಕ್ಕಿಗಳು. ವಲಸೆ ಹಕ್ಕಿ ಮರಿ ಮಾಡಿತು ಅನ್ನುವ ಸುದ್ದಿಯಲ್ಲಿ ಗೂಡಿನ ನಿಜವಾದ ಒಡೆಯರು ಹೆಚ್ಚಾಗಿ ಇಂಥವರೇ.

## ಇಲ್ಲೇ ಊಟ ಸಿಗುತ್ತಲ್ಲ, ಇಲ್ಲೇ ಯಾಕೆ ಮರಿ ಮಾಡಬಾರದು?

ಸಹಜವಾದ ಪ್ರಶ್ನೆ. ಉತ್ತರ ಹಕ್ಕಿಯ ಮೈಯೊಳಗಿದೆ. ಮರಿ ಮಾಡುವ ಕಾಲ ಮುಗಿದ ಮೇಲೆ ಅದರ ಸಂತಾನದ ಅಂಗಗಳು ಕುಗ್ಗಿ ಬಹಳ ಚಿಕ್ಕದಾಗುತ್ತವೆ. ಹಾರುವಾಗ ಹೊರೆಯೂ ಕಡಿಮೆ. ಮತ್ತೆ ಬೆಳೆಯಲು ಮುಖ್ಯ ಸೂಚನೆ ಹಗಲಿನ ಉದ್ದ. ಹಗಲು ಹಿಗ್ಗುತ್ತಾ ಬಂದಂತೆ ಮೈಯಲ್ಲಿ ಹಾರ್ಮೋನುಗಳು ಏರುತ್ತವೆ, ಹಕ್ಕಿ ಕೊಬ್ಬು ಕೂಡಿಸಿಕೊಂಡು ಹೊರಡಲು ಸಜ್ಜಾಗುತ್ತದೆ.

ಇನ್ನೊಂದು ಕಾರಣ ಗರಿ. ಬಾರ್ನ್ ಸ್ವಾಲೋ ರೆಕ್ಕೆಯ ದೊಡ್ಡ ಗರಿಗಳನ್ನು ಬದಲಿಸಿಕೊಳ್ಳುವುದು ಚಳಿಗಾಲದ ನೆಲೆಯಲ್ಲಿ, ತಿಂಗಳುಗಟ್ಟಲೆ, ಒಂದೊಂದಾಗಿ. ಹಾರಿಯೇ ಹೊಟ್ಟೆ ಹೊರೆಯುವ ಹಕ್ಕಿ ಒಟ್ಟಿಗೆ ಎಲ್ಲ ಗರಿ ಉದುರಿಸಿದರೆ ಉಪವಾಸವೇ ಗತಿ. ಗರಿ ಬೆಳೆಸುವುದೂ ಮರಿ ಸಾಕುವುದೂ ಎರಡೂ ದುಬಾರಿ ಕೆಲಸ, ಒಟ್ಟಿಗೆ ನಡೆಯುವುದು ಕಷ್ಟ. ನೋಡುವವರಿಗೆ ಇದು ಒಳ್ಳೆಯ ಸುಳಿವು. ತಲೆ ಮೇಲೆ ಹಾರಿದ ಹಕ್ಕಿಯ ರೆಕ್ಕೆಯ ಅಂಚಿನಲ್ಲಿ ಹಲ್ಲು ಬಿದ್ದಂತೆ ಸಂದು ಕಂಡರೆ, ಬಾಲದ ಉದ್ದ ತಂತಿ ಇಲ್ಲದಿದ್ದರೆ, ಅದು ಬಹುತೇಕ ಚಳಿಗಾಲದ ಅತಿಥಿ. ಗೂಡಿನ ಯೋಚನೆ ಅದಕ್ಕೆ ಸದ್ಯಕ್ಕಿಲ್ಲ.

## ಅರ್ಜೆಂಟೀನಾದಲ್ಲಿ ನಿಯಮ ಮುರಿದಾಗ

ಇಷ್ಟೆಲ್ಲ ಹೇಳಿದ ಮೇಲೂ, ಅತಿಥಿ ಮನೆ ಮಾಡಿಕೊಂಡ ಉದಾಹರಣೆ ಇದೆ. ಸಣ್ಣದೇನಲ್ಲ.

ಉತ್ತರ ಅಮೆರಿಕದ ಬಾರ್ನ್ ಸ್ವಾಲೋಗಳು ಚಳಿಗಾಲಕ್ಕೆ ಅರ್ಜೆಂಟೀನಾದವರೆಗೂ ಹೋಗುತ್ತವೆ. 1980ರಲ್ಲಿ ಬ್ಯೂನಸ್ ಐರಿಸ್ ಪ್ರಾಂತ್ಯದ ಕರಾವಳಿಯ ಹತ್ತಿರ ಕೆಲವೇ ಜೋಡಿಗಳು ಗೂಡು ಕಟ್ಟಿದ್ದು ಕಂಡಿತು. ಅವು ವಾಪಸ್ ಹೋಗದೆ, ತಮ್ಮ "ಚಳಿಗಾಲ"ದಲ್ಲೇ ಮರಿ ಮಾಡಿದ್ದವು. ಆ ಪುಟ್ಟ ಗುಂಪು ನಂತರ ಬೆಳೆದು ಪಂಪಾಸ್ ಬಯಲಿನ ಉದ್ದಕ್ಕೂ ಹರಡಿತು.

ಇದು ಹೇಗಾಯಿತು? ಉತ್ತರದಲ್ಲಿ ಚಳಿಗಾಲವಿದ್ದಾಗ ಭೂಮಧ್ಯರೇಖೆಯ ಆಚೆ ದಕ್ಷಿಣದಲ್ಲಿ ಬೇಸಿಗೆ. ಅಲ್ಲೂ ಉದ್ದ ಹಗಲು, ಅಲ್ಲೂ ಕೀಟ. ಕೊರತೆ ಇದ್ದದ್ದು ಗೂಡಿಗೆ ಜಾಗದ್ದು. ಪಂಪಾಸ್ ಚಪ್ಪಟೆ ಹುಲ್ಲುಗಾವಲು, ಬಂಡೆ-ಗುಹೆ ಇಲ್ಲ. ಕಾಂಕ್ರೀಟ್ ಸೇತುವೆ, ರಸ್ತೆಯ ಮೋರಿ ಬಂದ ಮೇಲೆ ಮಳೆ ತಾಗದ ಗೋಡೆ ಸಿಕ್ಕಿತು. ಆ ಹಕ್ಕಿಗಳು ಗೂಡು ಕಟ್ಟಿದ್ದೂ ಅಂಥ ಕಡೆಯೇ.

ಮುಂದಿನ ಪ್ರಶ್ನೆ ಇನ್ನೂ ರುಚಿಯಾದದ್ದು: ಅಲ್ಲಿ ಹುಟ್ಟಿದ ಹಕ್ಕಿಗಳು ಅಲ್ಲಿನ ಚಳಿಗೆ ಎಲ್ಲಿ ಹೋಗುತ್ತವೆ? ಅಜ್ಜ-ಅಜ್ಜಿಯ ಊರಾದ ಉತ್ತರ ಅಮೆರಿಕಕ್ಕಾ? ಇದನ್ನು ತಿಳಿಯಲು ವಿಜ್ಞಾನಿಗಳು ಹಕ್ಕಿಯ ಬೆನ್ನಿಗೆ ಜಿಯೋಲೊಕೇಟರ್ ಕಟ್ಟಿದರು. ಅದೊಂದು ಗ್ರಾಂ ತೂಕದ ಆಸುಪಾಸಿನ ಸಾಧನ. ಬೆಳಕನ್ನು ಅಳೆದು ಗಂಟೆಯೊಂದಿಗೆ ದಾಖಲಿಸುವುದಷ್ಟೇ ಅದರ ಕೆಲಸ. ಹಗಲಿನ ಉದ್ದದಿಂದ ಹಕ್ಕಿ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇತ್ತು ಅನ್ನೋದು ಗೊತ್ತಾಗುತ್ತದೆ. ನಡು ಮಧ್ಯಾಹ್ನ ಎಷ್ಟು ಗಂಟೆಗೆ ಬಂತು ಅನ್ನೋದರಿಂದ ಪೂರ್ವ-ಪಶ್ಚಿಮ ಸಿಗುತ್ತದೆ. ಒಂದೇ ತೊಂದರೆ, ಮಾಹಿತಿ ಬೇಕೆಂದರೆ ಅದೇ ಹಕ್ಕಿಯನ್ನು ಮರುವರ್ಷ ಮತ್ತೆ ಹಿಡಿಯಬೇಕು.

ಉತ್ತರ ಹೀಗೆ ಬಂತು: ಅವು ಉತ್ತರ ಅಮೆರಿಕಕ್ಕೆ ಹೋಗುವುದಿಲ್ಲ. ದಕ್ಷಿಣ ಅಮೆರಿಕದ ಉತ್ತರ ಭಾಗಕ್ಕೆ ಹೋಗಿ ವಾಪಸ್ಸಾಗುತ್ತವೆ. ಮರಿ ಮಾಡುವ ಕಾಲ, ವಲಸೆಯ ಕಾಲ, ಗರಿ ಬದಲಿಸುವ ಕಾಲ, ಎಲ್ಲವೂ ಸುಮಾರು ಆರು ತಿಂಗಳು ಸರಿದಿವೆ. ಅದೂ ಕೆಲವೇ ದಶಕಗಳಲ್ಲಿ. ವಲಸೆ ಅಂದರೆ ರಕ್ತದಲ್ಲಿ ಬಂದ, ಬದಲಾಗದ ದಾರಿ ಅಂತ ಅಂದುಕೊಂಡವರಿಗೆ ಇದು ಅಚ್ಚರಿಯೇ. ಈ ಕುಟುಂಬಕ್ಕೆ ಸೇರದ ಹಕ್ಕಿಗಳಲ್ಲೂ ಇಂಥದ್ದು ನಡೆದಿದೆ. ಯುರೋಪಿನ ಕಳ್ಳಿಪೀರಗಳ ಒಂದು ಪಂಗಡ ದಕ್ಷಿಣ ಆಫ್ರಿಕದಲ್ಲೇ ಮರಿ ಮಾಡುತ್ತದೆ.

ಹಾಗಾಗಿ "ವಲಸೆ ಹಕ್ಕಿ ಇಲ್ಲಿ ಮರಿ ಮಾಡಿದೆ" ಅಂತ ಯಾರಾದರೂ ಹೇಳಿದರೆ ನಕ್ಕು ತಳ್ಳಿಹಾಕುವಂತಿಲ್ಲ. ಸಾಕ್ಷಿ ಕೇಳಬೇಕು ಅಷ್ಟೇ.

## ಒಂದು ವರ್ಷ ತುಂಬಿದ ಗೂಡುಗಳು ಮರುವರ್ಷ ಖಾಲಿ ಯಾಕೆ?

ಸ್ಥಳೀಯ ಲೆಕ್ಕ ಏರಿಳಿಯಲು ಕಾರಣ ಎಷ್ಟೋ ಸಲ ಆ ಊರಲ್ಲೇ ಇರುವುದಿಲ್ಲ. ಆಫ್ರಿಕದ ಸಹಾರ ಮರುಭೂಮಿಯ ದಕ್ಷಿಣದ ಅಂಚಿನ ಸಹೇಲ್ ಪ್ರದೇಶದಲ್ಲಿ 1960ರ ದಶಕದ ಕೊನೆಗೆ, ಆಮೇಲೆ 1980ರ ದಶಕದಲ್ಲಿ ಭಾರಿ ಬರ ಬಿತ್ತು. ಎರಡು ಸಲವೂ ಬ್ರಿಟನ್ನಿನ ಹೊಳೆದಂಡೆಗಳಲ್ಲಿ ಸ್ಯಾಂಡ್ ಮಾರ್ಟಿನ್ ಸಂಖ್ಯೆ ಕುಸಿಯಿತು. ದಂಡೆ ಸರಿಯಾಗೇ ಇತ್ತು, ಚಳಿಗಾಲದ ನೆಲೆಯಲ್ಲಿ ನೀರಿರಲಿಲ್ಲ.

ಕೆಲವು ಸಲ ಕಾರಣ ಕಾಲಬುಡದಲ್ಲೇ ಇರುತ್ತದೆ. ಗೂಡಿನ ಕಾಲದಲ್ಲಿ ಹಸಿ ಮಣ್ಣು ಸಿಗದಿದ್ದರೆ ಬಾರ್ನ್ ಸ್ವಾಲೋ, ಹೌಸ್ ಮಾರ್ಟಿನ್ ಎರಡಕ್ಕೂ ಕಷ್ಟ. ನುಣುಪಾದ ಬಣ್ಣ ಬಳಿದ ಗೋಡೆಗೆ ಮಣ್ಣು ಕಚ್ಚುವುದಿಲ್ಲ. ಕೀಟನಾಶಕ ಹೊಡೆದ ಹೊಲದ ಮೇಲೆ ಹಾರುವ ಕೀಟವೇ ಕಡಿಮೆ.

ಈ ಹಕ್ಕಿಗಳು ಮನುಷ್ಯರ ಕಟ್ಟಡಗಳಿಗೆ ಎಷ್ಟು ಅಂಟಿಕೊಂಡಿವೆ ಅಂದರೆ, ಅಮೆರಿಕದ ಪೂರ್ವ ಭಾಗದ ಪರ್ಪಲ್ ಮಾರ್ಟಿನ್‌ಗಳು ಈಗ ಹೆಚ್ಚುಕಮ್ಮಿ ಪೂರ್ತಿಯಾಗಿ ಜನ ನೆಟ್ಟ ಗೂಡುಪೆಟ್ಟಿಗೆಗಳಲ್ಲೇ ಮರಿ ಮಾಡುತ್ತವೆ. ಕಟ್ಟಡ ಕೊಟ್ಟದ್ದರ ಜೊತೆ ಅಪಾಯವೂ ಬಂತು. ಅಮೆರಿಕದ ನೆಬ್ರಾಸ್ಕಾದಲ್ಲಿ ರಸ್ತೆ ಸೇತುವೆ, ಮೋರಿಗಳ ಕೆಳಗೆ ಕ್ಲಿಫ್ ಸ್ವಾಲೋಗಳ ದೊಡ್ಡ ದೊಡ್ಡ ವಸತಿಗಳಿವೆ. 1982ರಿಂದ ಅಲ್ಲಿ ನಡೆದ ಅಧ್ಯಯನದಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಹಕ್ಕಿಗಳ ರೆಕ್ಕೆ ಉಳಿದವಕ್ಕಿಂತ ಉದ್ದವಾಗಿದ್ದದ್ದು ಕಂಡುಬಂತು. ಮೂರು ದಶಕಗಳಲ್ಲಿ ಬದುಕುಳಿದವುಗಳ ಸರಾಸರಿ ರೆಕ್ಕೆ ಗಿಡ್ಡವಾಯಿತು, ರಸ್ತೆಯ ಸಾವೂ ಇಳಿಯಿತು. ಗಿಡ್ಡ ರೆಕ್ಕೆ ಇದ್ದರೆ ರಸ್ತೆಯಿಂದ ಸರಕ್ಕನೆ ಮೇಲೇಳಬಹುದು, ಥಟ್ಟನೆ ತಿರುಗಬಹುದು.

## ಗೂಡು ನಿಜಕ್ಕೂ ಸಿಕ್ಕರೆ

ಮೊದಲು ದೂರದಿಂದಲೇ ನೋಡಿ. ಮೊಬೈಲ್ ಹಿಡಿದು ಗೂಡಿನ ಬಾಯಿಗೆ ಹೋದರೆ ತಾಯಿ ಹೊರಗೆ ಉಳಿಯುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಇನ್ನೇನು ಹಾರಲಿರುವ ಮರಿಗಳಾದರೆ ಗಾಬರಿಯಲ್ಲಿ ಅವಧಿಗೆ ಮುಂಚೆ ಕೆಳಗೆ ಧುಮುಕುತ್ತವೆ. ಅರ್ಧ ನಿಮಿಷದ ವಿಡಿಯೋ ಸಾಕು: ಒಳಹೋಗುವ ಹಕ್ಕಿಯ ಕತ್ತು, ಎದೆ, ಸೊಂಟದ ಬಣ್ಣ ಕಾಣಬೇಕು. ಜೊತೆಗೆ ಗೂಡಿನ ಆಕಾರ, ಜಾಗ, ತಾರೀಖು. ಯಾವ ಹಕ್ಕಿ ಅಂತ ಗುರುತಿಸುವವರಿಗೆ ಬೇಕಾದದ್ದು ಇಷ್ಟೇ. ಬರೀ ಗೂಡಿನ ಫೋಟೋದಿಂದ ವಲಸೆಯೋ ಸ್ಥಳೀಯವೋ ಹೇಳುವುದು ಕಷ್ಟ.

ಹಿಕ್ಕೆ ಬಿದ್ದು ನೆಲ ಗಲೀಜಾಗುತ್ತದೆ ಅನ್ನೋದು ಎಲ್ಲ ಕಡೆಯ ದೂರು. ಗೂಡಿನ ಕೆಳಗೆ ಸ್ವಲ್ಪ ಅಂತರ ಬಿಟ್ಟು ಒಂದು ಹಲಗೆ ಕಟ್ಟಿದರೆ ಮುಗಿಯಿತು. ಮರಿ ಕೆಳಗೆ ಬಿದ್ದಿದ್ದು, ಗಾಯವಿಲ್ಲದಿದ್ದರೆ ಎತ್ತಿ ಗೂಡಿನಲ್ಲಿಡಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು ನಂಬಿಕೆ. ಅನ್ನ, ಹಾಲು ಕುಡಿಸಲು ಹೋಗಬೇಡಿ, ಇವು ತಿನ್ನುವುದು ಕೀಟ ಮಾತ್ರ.

ಮೊದಲ ಮರಿಗಳು ಹಾರಿದ ಮೇಲೆ ಗೂಡು ಖಾಲಿ ಅಂತ ಕೆಡವಬೇಡಿ. ಅನೇಕ ಜೋಡಿಗಳು ಅದೇ ಕಾಲದಲ್ಲಿ ಅದೇ ಗೂಡಿನಲ್ಲಿ ಎರಡನೇ ಸಲ ಮೊಟ್ಟೆ ಇಡುತ್ತವೆ. ಮರುವರ್ಷವೂ ಹಳೆಯ ಗೂಡಿಗೇ ಬಂದು ಅಂಚಿಗೆ ನಾಲ್ಕು ಸಾಲು ಮಣ್ಣು ಮೆತ್ತಿ ರಿಪೇರಿ ಮಾಡಿಕೊಳ್ಳುವುದೂ ಉಂಟು. ಒಣಗಿದ ಬಿಳಿಚು ಮಣ್ಣಿನ ಮೇಲೆ ಕಪ್ಪಗೆ ಹಸಿ ಗೆರೆ ಕಂಡ ದಿನದ ತಾರೀಖನ್ನು ಬರೆದಿಡಿ. ಅಲ್ಲಿಂದ ಎರಡು ತಿಂಗಳು ಆ ಜಾಗದ ಮೇಲೆ ಒಂದು ಕಣ್ಣಿಟ್ಟರೆ ಆಯಿತು.